ಹರದನಹಳ್ಳಿಯ ಜೋಡಿ ನಳಿಗೆ ಕೋವಿ

ಬುಧವಾರ ಬೆಳಿಗ್ಗೆ ಹರದನಹಳ್ಳಿಯ ಕರಿಬಸವಯ್ಯ ಚಾಮರಾಜನಗರದ ಠಾಣೆಗೆ ಬಂದು ದೂರು ಕೊಟ್ಟರು. ತಂದೆಯಿಂದ ಬಂದ, ಲೈಸೆನ್ಸ್ ಇದ್ದ ಜೋಡಿ ನಳಿಗೆಯ ಕೋವಿ ಬೀರುವಿನಿಂದ ಕಾಣೆಯಾಗಿತ್ತು. ಇನ್‌ಸ್ಪೆಕ್ಟರ್ ಸುಧಾಮಣಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಸೋಮೇಶನ ಜೊತೆ ಹಳ್ಳಿಗೆ ಹೊರಟರು. ಹೋಗಿದ್ದು ಚಿನ್ನವಾಗಿದ್ದರೆ ಅವರಿಗೆ ಇಷ್ಟು ಅವಸರವಿರುತ್ತಿರಲಿಲ್ಲ.

ಪಂಚನಾಮೆ ನಡೆಯಿತು. ಬೀರುವಿನ ಬೀಗ ಒಡೆದಿರಲಿಲ್ಲ. ತೋಟಾಗಳು ಇದ್ದಲ್ಲೇ ಇದ್ದವು. ಒಯ್ದವರಿಗೆ ಗುಂಡು ಹಾರಿಸುವ ಯೋಚನೆಯಿಲ್ಲ ಎಂದು ಸುಧಾಮಣಿಗೆ ತುಸು ಸಮಾಧಾನವಾಯಿತು.

"ಬೀಗದ ಕೈ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು?"

"ಮನೆಯವ್ರಿಗೇ ಕಣಮ್ಮ."

"ಹಾರಿಸೋಕಲ್ಲ ಅಂದ್ರೆ ಬೆಲೆಗೇ ಒಯ್ದಿರಬಹುದು. ಕೋವಿ ಮಾರೋಕೆ ಹೊರಟಿದ್ರಾ?"

ಕರಿಬಸವಯ್ಯ ತಡವರಿಸಿದರು. "ಮೈಸೂರ್ನೋರೊಬ್ರು ಕೇಳವ್ರೆ. ಹಳೇ ಕೋವಿ ಕೂಡಿಡೋರು. ಪರ್ಮಿಶನ್‌ಗೆ ಅರ್ಜಿ ಆಕಿವ್ನಿ. ಜಬ್ಬಾರ್ ಸಾಬ್ರು ನೋಡಿ ಒಳ್ಳೆ ಮಾಲು ಅಂದ್ರು."

ಅಬ್ದುಲ್ ಜಬ್ಬಾರ್ ಪೇಟೆಯಲ್ಲಿ ಕೋವಿ ರಿಪೇರಿ ಮಾಡುವವರು. ಸುಧಾಮಣಿ ಹಳ್ಳಿಯಿಂದ ನೇರವಾಗಿ ಅವರ ಅಂಗಡಿಗೆ ಹೋಗಿ ವಿಚಾರಿಸಿದರು.

"ನಮ್ಮ ಅಬ್ಬಾ ಕಾಲದಲ್ಲಿ ಗುರಿ ಸರಿ ಇದ್ಯಾ ಅಂತ ಮಾತ್ರ ಕೇಳೋರು ಮೇಡಂ. ಬೇಟೆ ನಿಂತ ಮೇಲೆ ಯಾರಿಗೂ ಬೇಡವಾಯ್ತು. ಆಮೇಲೆ ಗೋಡೆಗೆ ತೂಗುಹಾಕೋ ಶೋಕಿಯವರು ಬಂದ್ರು, ಪಳಪಳ ಅನ್ನಬೇಕು ಅವರಿಗೆ. ಎಷ್ಟು ಪಾಲಿಶ್ ಹೊಡೆದಿದೀನೋ! ಈಗಿನವರು ಉಲ್ಟಾ. ಸವೆದಿದ್ದು ಸವೆದಂಗೇ ಇರಬೇಕು, ಜೊತೆಗೊಂದು ಕತೆ ಬೇಕು."

"ಇದರ ಕತೆ ಏನು?"

"ಕೆನ್ನೆ ಒತ್ತೋ ಕಡೆ ಮರ ಸವೆದಿದೆ. ತಾತ ಅರಸರ ಜೊತೆ ಶಿಕಾರಿ ಆಡಿದ ಗುರುತು ಅಂತ ಕರಿಬಸವಯ್ಯ ಹೇಳಿದ್ರು."

"ಬೇರೆ ಯಾರಾದ್ರೂ ವಿಚಾರಿಸಿದ್ರಾ?"

"ಗುಂಡ್ಲುಪೇಟೆಯಿಂದ ಅವರ ತಂಗಿ ಬಂದಿದ್ರು. ಮರ ಉಜ್ಜಿಬಿಟ್ರೆ ಏನಾಗುತ್ತೆ ಅಂದ್ರು. ಯಾರೂ ಮೂಸಿ ನೋಡಲ್ಲ ಅಂದೆ."

ಮಧ್ಯಾಹ್ನ ಜೀಪು ಗುಂಡ್ಲುಪೇಟೆಯಲ್ಲಿತ್ತು. ಕರಿಬಸವಯ್ಯನವರ ತಂಗಿ, ಐವತ್ತು ದಾಟಿದ ಗುರುಮಲ್ಲಮ್ಮ ಬಾಗಿಲು ತೆರೆದೇ ಕೂತಿದ್ದರು. ಜಗಲಿಯ ಮೇಲೆ ಗೋಣಿಚೀಲ, ಅದರ ಮೇಲೆ ಕೋವಿ, ಪಕ್ಕದಲ್ಲಿ ಉಪ್ಪುಕಾಗದ. ಮರದ ಹಿಡಿ ಹಸಿಯಾಗಿ ಬೆಳ್ಳಗೆ ಕಾಣುತ್ತಿತ್ತು.

"ತಂದಿದ್ದು ನೀವಾ?"

"ಊಂ, ನಾನೇ."

"ಯಾಕೆ?"

"ನಮ್ಮಪ್ಪನ ಕಣ್ಣು ಮಂಜಾಗಿತ್ತು. ಹೊಲದ ಅಟ್ಟಣೆ ಮೇಲೆ ಈ ಕೋವಿ ಇಡ್ಕೊಂಡು ಕೂತು ಹಂದಿ ಓಡಿಸ್ದೋಳು ನಾನು. ಅಣ್ಣ ಆಗ ಟೌನಲ್ಲಿ ಓದ್ತಿದ್ದ. ಆ ಸವೆತ ನನ್ ಕೆನ್ನೇದು ಕಣವ್ವ! ಇಲ್ಲದ ಶಿಕಾರಿ ಕತೆ ಕಟ್ಟಿ ಮಾರ್ತಾನಂತೆ. ಸುಳ್ಯಾಕೆ ಏಳ್ತೀಯ ಅಂದ್ರೆ, ಸುಮ್ಕಿರು ಅಂದ. ಉಜ್ಬುಟ್ಟೆ."

"ನಿಮ್ಮ ಗುರುತೂ ಹೋಯ್ತಲ್ಲ?"

"ಓಗ್ಲಿ. ನಂದು, ನಾನೇ ಅಳಿಸ್ದೆ."

ಸುಧಾಮಣಿ ಕೋವಿಯನ್ನು ಜಪ್ತಿ ಮಾಡಿದರು. ಅಷ್ಟರಲ್ಲಿ ಸುದ್ದಿ ತಿಳಿದ ಕರಿಬಸವಯ್ಯ ಫೋನ್ ಮಾಡಿ, ಕೇಸು ಬೇಡ, ಮರ್ಯಾದೆ ಪ್ರಶ್ನೆ ಎಂದರು. ಎಫ್‌ಐಆರ್ ಹಾಗೆಲ್ಲ ವಾಪಸಾಗುವುದಿಲ್ಲ ಎಂದು ಸುಧಾಮಣಿ ಫೋನಿಟ್ಟರು. ಕಳವು ಮತ್ತು ಆಯುಧ ಕಾಯ್ದೆಯಡಿ ಗುರುಮಲ್ಲಮ್ಮನನ್ನು ಬಂಧಿಸಲಾಯಿತು.

"ಲೈಸೆನ್ಸಿಲ್ಲದೆ ಕೋವಿ ಹಾರಿಸ್ತಿದ್ದೆ ಅಂತ ನೀವೇ ಹೇಳಿಕೆಯಲ್ಲಿ ಹೇಳಬೇಕಾಗಿಲ್ಲ. ಅದು ನಿಮಗೇ ತೊಂದರೆ," ಎಂದು ಸುಧಾಮಣಿ ತಗ್ಗಿದ ದನಿಯಲ್ಲಿ ಎಚ್ಚರಿಸಿದರು.

"ಅದನ್ನೇ ಮೊದ್ಲು ಬರೀರಿ."

ಗುರುಮಲ್ಲಮ್ಮನನ್ನು ಕೆರಳಿಸಿದ್ದು ಮಾರಾಟವಲ್ಲ, ತಾವು ಹೊಲ ಕಾದ ವರ್ಷಗಳು ಇನ್ನೊಬ್ಬರ ಪಾಲಾದದ್ದು ಎಂದು ಸುಧಾಮಣಿಗೆ ತಿಳಿದಿತ್ತು. ಸೋಮೇಶ ಬರೆದು ಓದಿದ: "ಹೊಲ ಕಾಯಲು ತಂದೆಗೆ ಸಹಾಯ ಮಾಡುತ್ತಿದ್ದೆ."

"ಸಹಾಯ ಅಲ್ಲ ಕಣಪ್ಪ. ಕಾಯ್ತಿದ್ದೋಳು ನಾನು."

ಸೋಮೇಶ ಸುಧಾಮಣಿಯ ಮುಖ ನೋಡಿದ. ತಿದ್ದು ಎಂಬಂತೆ ಅವರು ತಲೆಯಾಡಿಸಿದರು. ಅವನು ಆ ಸಾಲು ಹೊಡೆದುಹಾಕಿ ತಿದ್ದಿ ಬರೆದ ಮೇಲೆಯೇ ಗುರುಮಲ್ಲಮ್ಮ ಸಹಿ ಹಾಕಲು ಪೆನ್ನಿಗೆ ಕೈ ಚಾಚಿದರು.