ಶಿರಾಳಕೊಪ್ಪದಿಂದ ಮುಂದೆ

ಸೋದರತ್ತೆಯನ್ನು ಬಸ್ ಹತ್ತಿಸಿ ಸೊರಬದ ನಿಲ್ದಾಣದಲ್ಲಿ ನಿಂತಿದ್ದ ಗಂಗಾಶ್ರೀಯ ಎದೆ ಧಸಕ್ಕೆಂದಿತು. ಶಿಕಾರಿಪುರದ ಬಸ್ಸಿನಿಂದ ಮಾಳೇಶ ಇಳಿಯುತ್ತಿದ್ದ! ತಲೆ ಬಾಚಿದ್ದಾನೆ, ಇಸ್ತ್ರಿ ಅಂಗಿ ಹಾಕಿದ್ದಾನೆ... ಅವನ ಬೆನ್ನಿಗೇ ನಗುತ್ತಾ ಇಳಿದವಳು ಆ ನಾಗಶ್ರೀ.

ನೋಡಬಾರದಿತ್ತು, ನೋಡಿಬಿಟ್ಟಳು.

ಗಂಗಾ, ಮಾಳೇಶ ಶಿಕಾರಿಪುರದ ಕಾಲೇಜಿನಲ್ಲಿ ಒಂದೇ ತರಗತಿ. ಪ್ರೀತಿ ಹುಟ್ಟಿದ್ದೂ ಅಲ್ಲೇ. ಹೋದ ವರ್ಷ ಅವನು ತೀವ್ರ ಖಿನ್ನತೆಗೆ ಬಿದ್ದ. ಕಾಲೇಜು ಬಿಟ್ಟ, ಸ್ನಾನ ಬಿಟ್ಟ, ಹಾಸಿಗೆ ಮಾತ್ರ ಬಿಡಲಿಲ್ಲ. ಅಂಬ್ಲಿಗೊಳದ ಹತ್ತಿರದ ಅವನ ಮನೆಗೆ ಹೋಗಿ ಗಂಗಾ ತುತ್ತು ಮಾಡಿ ತಿನ್ನಿಸಿದಳು, ತಲೆ ಬಾಚಿದಳು, ಅವನ ನೋಟ್ಸನ್ನೂ ತಾನೇ ಬರೆದಳು. ಪ್ರೀತಿ ಎಂದರೆ ಅದೇ ಅಲ್ಲವೇ?

ಶಿಕಾರಿಪುರದ ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟು, ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ ನಾಗಶ್ರೀಯ ಬಳಿಗೂ ಕಳಿಸಿದರು. ದಿನದ ಕೆಲಸಗಳನ್ನೇ ಚೂರುಚೂರಾಗಿ ಮಾಡಿಸಿ ಮನುಷ್ಯನನ್ನು ಎಬ್ಬಿಸುವುದು ಅವಳ ಚಿಕಿತ್ಸೆ. ಮೊದಲು ಉಂಡ ತಟ್ಟೆ ತೊಳೆಯಬೇಕು. ಆಮೇಲೆ ಬೆಳಿಗ್ಗೆ ಎದ್ದು ಅಪ್ಪನ ಕುರಿಗಳ ರೊಪ್ಪದ ಬಾಗಿಲು ತೆಗೆಯಬೇಕು.

"ಅವರ ಕೆಲಸ ನೀವು ಮಾಡಬೇಡ್ರಿ, ಪ್ಲೀಸ್," ಎಂದು ಗಂಗಾಗೆ ಮೆತ್ತಗೆ ಹೇಳಿದ್ದಳು.

ಗಂಗಾಗೆ ಮೈಯೆಲ್ಲ ಉರಿಯಿತು. ನಾನು ಕರೆದರೆ ಏಳದವನು ಇವಳು ಹೇಳಿದರೆ ಏಳುತ್ತಾನೆ! ಪರೀಕ್ಷೆ ಮುಗಿಸಿ ಸೊರಬದ ಮನೆ ಸೇರಿದವಳು ಅವನ ಫೋನನ್ನೂ ಎತ್ತಲಿಲ್ಲ. ನಾಗಶ್ರೀಯ ಮನೆಯೂ ಸೊರಬದಲ್ಲೇ ಎಂದು ತಿಳಿದ ಮೇಲಂತೂ ಊಟ ಸೇರಲಿಲ್ಲ. ಅವಳ ಡಿಪಿಯನ್ನು ಹಿಗ್ಗಿಸಿ ನೋಡಿ, ಮೂಗು ಸೊಟ್ಟ ಎಂದು ಸಮಾಧಾನ ಮಾಡಿಕೊಂಡಳು. ಪಾಪ, ಮೂಗು ನೆಟ್ಟಗೇ ಇತ್ತು.

ಈಗ ನಾಗಶ್ರೀ ಇವಳತ್ತ ತಲೆಯಾಡಿಸಿ ಆಟೊ ಹತ್ತಿ ಹೋದಳು. ಮಾಳೇಶ ನೇರ ಬಂದು ಎದುರು ನಿಂತ.

"ಅವಳ ಹಿಂದೆ ಹೋಗಲ್ವಾ?" ಎಂದಳು ಗಂಗಾ.

"ಅವರು ದಿನಾ ಇದೇ ಬಸ್ಸಿಗೆ ಮನೆಗೆ ಬರ್ತಾರೆ. ನಾನು ಬಂದಿದ್ದು ನಿನ್ ಹತ್ರ."

ಗಂಗಾ ಊರಿಗೆ ಹೋದ ಮೇಲೆ, ಏನು ಮಾಡುವ ಆಸೆ ಇದೆ ಎಂದು ನಾಗಶ್ರೀ ಅವನನ್ನು ಕೇಳಿದ್ದಳಂತೆ. ಒಬ್ಬನೇ ಸೊರಬಕ್ಕೆ ಹೋಗಿ ಗಂಗಾನ ಮನೆ ಬಾಗಿಲು ತಟ್ಟಬೇಕು ಎಂದಿದ್ದನಂತೆ. ಅದಕ್ಕೇ ಮೊದಲು ಬರೀ ಶಿಕಾರಿಪುರದ ಬಸ್ ನಿಲ್ದಾಣದ ತನಕ ಹೋಗಿ ವಾಪಸ್ಸಾಗುವುದು. ಆಮೇಲೆ ಶಿರಾಳಕೊಪ್ಪದ ತನಕ. ಅಲ್ಲಿಂದ ಮುಂದೆ ಉಸಿರು ಕಟ್ಟಿ ಪ್ರತಿ ಸಲ ಇಳಿದುಬಿಡುತ್ತಿದ್ದನಂತೆ.

"ಇವತ್ತು ಇಳೀಲಿಲ್ಲ ಗಂಗಾ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಶಪಿಸಿದ್ದು ತನ್ನತ್ತಲೇ ಬರುತ್ತಿದ್ದವನನ್ನು...

"ನಂಗೆ ಹೊಟ್ಟೆಕಿಚ್ಚಾಗಿತ್ತು ಕಣೋ," ಎಂದಳು. "ಈಗ್ಲೂ ಸ್ವಲ್ಪ ಇದೆ."

ಎಷ್ಟೋ ತಿಂಗಳ ಮೇಲೆ ಮಾಳೇಶ ನಕ್ಕ. "ಇರ್ಲಿ ಬಿಡು. ನಾನು ಯಾರಿಗೂ ಬೇಡ ಅಂದ್ಕೊಂಡಿದ್ದೆ. ನನ್ ಸಲುವಾಗಿ ಒಬ್ಳು ಹೊಟ್ಟೆ ಉರ್ಕೊಳ್ತಾಳೆ ಅಂದ್ರೆ..."

"ಅಂದ್ರೆ?"

"ನಾಳೆನೂ ಏಳಬೇಕು ಅನ್ಸುತ್ತೆ."