ಹಾಲಿನ ಜೊತೆ ಕೊಟ್ಟ ಗುಳಿಗೆ

"ಮುಟ್ಟಬೇಡಿ. ಮುಟ್ಟಿದರೆ ಈ ಟಿಂಚರ್ ಕುಪ್ಪಿ ಎಸೆಯುತ್ತೇನೆ."

ಕಾರ್ಕಳದ ಕಲ್ಲುಕೋರೆಯಿಂದ ಆಸ್ಪತ್ರೆಗೆ ಬಂದ ಸಿರಿಲ್‌ನ ಮೊದಲ ಮಾತು ಅದು. ಪಾದಕ್ಕೆ ಕಲ್ಲು ಬಿದ್ದ ಗಾಯ ಕೀವುಗಟ್ಟಿತ್ತು.

ನರ್ಸ್ ಐರಿನ್ ಹೆದರಲಿಲ್ಲ. "ಎಸೆಯಿರಿ. ಗುಡಿಸುವವಳೂ ನಾನೇ."

ಅವನು ಕುಪ್ಪಿ ಕೆಳಗಿಟ್ಟ. ಆ ಉರಿಗಣ್ಣಿನ ಹಿಂದೆ ನೋವು ಕಂಡು ಅವಳ ಜೀವ ಕರಗಿತು...

ಅದು ೧೯೬೨. ಆರು ಹಾಸಿಗೆಯ ಆ ಆಸ್ಪತ್ರೆಯ ಡಾಕ್ಟರ್ ಅಲೆಕ್ಸಾಂಡರ್ ಟೆಟ್ರಾಸೈಕ್ಲಿನ್ ಗುಳಿಗೆ ಬರೆದರು. ನುಂಗಿದರೆ ಅವನಿಗೆ ಹೊಟ್ಟೆ ಉರಿ. ಪಾಪ ಅನ್ನಿಸಿ ಐರಿನ್ ಮನೆಯ ಹಸುವಿನ ಹಾಲು ತಂದಳು. ಪ್ರತಿ ಗುಳಿಗೆಗೂ ಒಂದು ಲೋಟ. ಅವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ.

ಆರು ದಿನ ಕಳೆದರೂ ಬಾವು ಏರುತ್ತಲೇ ಹೋಯಿತು.

"ಸೋಮವಾರದೊಳಗೆ ಇಳಿಯದಿದ್ದರೆ ಮಂಗಳೂರಿಗೆ ಕಳಿಸಬೇಕು. ಪಾದ ತೆಗೆಯುತ್ತಾರೆ" ಎಂದರು ಡಾಕ್ಟರು.

ಸಿರಿಲ್ ಅವಳ ಮೇಲೆ ಸಿಡಿದ. "ಪಾದ ಹೋದರೆ ಕಲ್ಲು ಕಡಿಯುವವನಿಗೆ ಮತ್ತೆ ಎಂತ ಉಂಟು? ನಿಮ್ಮ ಮದ್ದೇ ಸುಳ್ಳು."

ಐರಿನ್ ಒಳಗೆ ಹೋಗಿ, ಗುಳಿಗೆ ಪೆಟ್ಟಿಗೆಯಲ್ಲಿ ಯಾರೂ ಬಿಚ್ಚದ ಚೀಟಿ ಬಿಚ್ಚಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಹಾಲಿನೊಂದಿಗೆ ಕೊಡಬಾರದು.

ಅಯ್ಯೋ ದೇವರೇ, ನಾನೇ...

ಅವಳು ತಂದು ತೋರಿಸಿದ ಚೀಟಿ ಓದಿ ಡಾಕ್ಟರು ಬೈಯಲಿಲ್ಲ. "ನಾನೂ ಹೇಳಬೇಕಿತ್ತು ಐರಿನ್. ಈ ಮದ್ದು ಕ್ರಿಮಿಯನ್ನು ನೇರ ಕೊಲ್ಲುವುದಿಲ್ಲ. ಅದರೊಳಗೆ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಆಗ ಕ್ರಿಮಿ ಬೆಳೆಯುವುದಿಲ್ಲ, ಉಳಿದದ್ದನ್ನು ಮೈಯೇ ಮುಗಿಸುತ್ತದೆ. ಆದರೆ ಹಾಲಿನ ಸುಣ್ಣದಂಶ ಮದ್ದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟರೆ ಅದು ರಕ್ತಕ್ಕೆ ಸೇರುವುದು ಹೇಗೆ? ಇನ್ನು ಬರೀ ನೀರು ಕೊಡು."

ಸಿರಿಲ್‌ಗೆ ಹೇಳದೆಯೂ ಇರಬಹುದಿತ್ತು. ಅವಳು ಹೇಳಿದಳು. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮೂರು ದಿನ ಗುಳಿಗೆಗೆ ಕೈಯಷ್ಟೇ ಚಾಚಿದ. ಅವಳು ಹೊತ್ತು ಹೊತ್ತಿಗೆ ಗುಳಿಗೆ, ನೀರು ಇಟ್ಟು, ಹೊರಗೆ ಬಂದು ಅಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಬಾವು ಇಳಿದಿತ್ತು. ಕೀವು ಇರಲಿಲ್ಲ. ಡಾಕ್ಟರು ನಕ್ಕು ಹೊರಗೆ ಹೋದರು.

"ನನಗೆ ಹಾಲು ಚಿಕ್ಕಂದಿನಿಂದ ಆಗುವುದಿಲ್ಲ" ಎಂದ ಸಿರಿಲ್.

"ಮತ್ತೆ ಕುಡಿದದ್ದು ಎಂತಕ್ಕೆ ಮಾರಾಯ್ರೆ?"

"ಲೋಟ ಖಾಲಿಯಾಗುವವರೆಗೆ ನೀವು ಪಕ್ಕದಲ್ಲೇ ನಿಲ್ಲುತ್ತಿದ್ದಿರಲ್ಲ."

ಐರಿನ್‌ಗೆ ಕೈಯಲ್ಲಿದ್ದ ಪಟ್ಟಿ ಸುತ್ತುವುದು ಮರೆತುಹೋಯಿತು.

"ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ" ಎಂದ ಅವನು. "ಆದರೆ ದೊಡ್ಡವರು ತಪ್ಪು ಮಾಡಿ ಮುಚ್ಚಿಟ್ಟದ್ದನ್ನೇ ನಾನು ನೋಡಿದ್ದು. ನೀವು ತಪ್ಪು ಹುಡುಕಿ, ಎದುರು ನಿಂತು ಹೇಳಿದಿರಿ. ಅದಕ್ಕೇ ಈ ಪಾದ ಉಳಿಯಿತು. ನಿಮ್ಮ ಋಣ ಇದು."

"ಋಣ ಗಿಣ ಬೇಡ."

"ಹಾಗಾದರೆ ಇದೇ ಕಾಲಲ್ಲಿ ನಿಮ್ಮ ಅಪ್ಪನ ಹತ್ತಿರ ನಿಮ್ಮನ್ನು ಕೇಳಲು ಬರಬಹುದಾ?"

ಅವಳು ತಲೆ ಎತ್ತಲಿಲ್ಲ. "ನಿಧಾನ ಬನ್ನಿ... ನಮ್ಮ ಮನೆಗೆ ಏರು ಉಂಟು."