ದಿಬ್ಬದ ಮೇಲಿನ ವ್ಯಾನು

ಕೆಲಸ ಹೇಳುವುದಕ್ಕೆ ಸುಲಭವಾಗಿತ್ತು. ಕಬಿನಿ ಹಿನ್ನೀರಿನ ಅಂಚಿನ ದಿಬ್ಬದ ಮೇಲೆ ಮೂವತ್ತೆಂಟು ದಿನದಿಂದ ನಿಂತಿದ್ದ ವ್ಯಾನನ್ನು ನೀರು ಮುಟ್ಟುವ ಮೊದಲು ಊರಿಗೆ ತರಬೇಕು, ಅಷ್ಟೆ.

ವ್ಯಾನು ಸುಧಾಳದು. ಎಚ್.ಡಿ. ಕೋಟೆ ತಾಲ್ಲೂಕಿನ ಮೂರು ಹಳ್ಳಿಗಳ ಒಂಬತ್ತು ಮಕ್ಕಳನ್ನು ಅವಳು ಅದರಲ್ಲಿ ಶಾಲೆಗೆ ಬಿಡುತ್ತಿದ್ದಳು. ಬೇಸಿಗೆ ರಜೆಯಲ್ಲಿ ಸೋದರಮಾವ ಸಿದ್ದಯ್ಯ ಅದನ್ನು ಕೇಳಿ ಒಯ್ದಿದ್ದ. ಹಿನ್ನೀರಿನಾಚೆ, ಆ ದಿಬ್ಬದ ಮೇಲೆ, ಅವನದೊಂದು ಕುಂಬಳದ ಹೊಲ. ಬೆಳೆ ಕಾಯಲು ವ್ಯಾನಿನಲ್ಲೇ ಮಲಗುತ್ತಿದ್ದ. ಎಂಟನೇ ದಿನ ಕಾಲು ಉಳುಕಿತು. ವ್ಯಾನಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಸಿಕ್ಕಿದ ಜೀಪು ಹತ್ತಿ ಹುಣಸೂರಿನ ಮಗಳ ಮನೆಗೆ ಹೋದವನು ಮರಳಿದ್ದು ನಿನ್ನೆ. ಅಷ್ಟರಲ್ಲಿ ವಯನಾಡಿನಲ್ಲಿ ಮಳೆ ಹಿಡಿದಿತ್ತು. ಹಿನ್ನೀರು ದಿನಕ್ಕೆ ಮಾರುದ್ದ ಮುಂದೆ ಬರುತ್ತಿತ್ತು. ಇವತ್ತು ಶನಿವಾರ. ಸೋಮವಾರ ಶಾಲೆ ಶುರು.

ದಿಬ್ಬಕ್ಕೆ ಕಾಡಿನೊಳಗಿಂದ ಹನ್ನೊಂದು ಕಿಲೋಮೀಟರ್ ರಸ್ತೆ ಇತ್ತು. ಆದರೆ ಅಲ್ಲಿ ಬೈಕು ಬಿಡುವುದಿಲ್ಲ. ನಾಲ್ಕು ಗಾಲಿಯ ಗಾಡಿಗೂ ಸಂಜೆ ಆರಕ್ಕೆ ಗೇಟು ಬೀಳುತ್ತದೆ. ಊರಿನಲ್ಲಿ ಇವರಿಗೆ ಸಿಕ್ಕುವ ನಾಲ್ಕು ಗಾಲಿಯ ಗಾಡಿ ಎಂದರೆ ದಿಬ್ಬದ ಮೇಲಿದ್ದ ಅದೊಂದೇ. ಹಾಗಾಗಿ ಹೋಗುವಾಗ ಹಳ್ಳ ದಾಟಿ ಕಾಲ್ನಡಿಗೆ, ಬರುವಾಗ ವ್ಯಾನಿನಲ್ಲಿ ಕಾಡಿನ ರಸ್ತೆ ಎಂದು ಸುಧಾ ತೀರ್ಮಾನಿಸಿದಳು.

"ಬ್ಯಾಟ್ರಿ ಯಾಕೆ ಹೊರಬೇಕು ಮಗ? ನಿಂತ ಗಾಡಿ ಬ್ಯಾಟ್ರಿ ಮೂರು ತಿಂಗಳು ಇರ್ತದೆ ಕಣವ್ವ," ಎಂದ ಸಿದ್ದಯ್ಯ.

"ಹೊಸದಾದ್ರೆ ಎರಡು ತಿಂಗಳು ಇರಬೋದು ಮಾವ. ಇದಕ್ಕೆ ನಾಲ್ಕು ವರ್ಷ ಆಗದೆ. ಬಿಸಿಲು ಬೇರೆ. ನೀವೇನೂ ಉರಿಸಿಲ್ಲ ತಾನೆ? ಲೈಟು, ರೇಡಿಯೊ?"

"ಒಂದು ಬೀಡಿ ಬುಟ್ರೆ ಇನ್ನೇನೂ ಉರಿಸಿಲ್ಲ."

ಟ್ರ್ಯಾಕ್ಟರ್ ಮೆಕ್ಯಾನಿಕ್ ಶಿವಶಂಕರ ನಕ್ಕ. ಆದರೂ ಪೂರ್ತಿ ಚಾರ್ಜಾದ ಟ್ರ್ಯಾಕ್ಟರ್ ಬ್ಯಾಟರಿಯೊಂದನ್ನು ಮಂಕರಿಯಲ್ಲಿಟ್ಟು, ಬಿದಿರು ಗಳಕ್ಕೆ ಬಿಗಿದು, ಒಂದು ತುದಿಗೆ ತಾನೇ ಹೆಗಲು ಕೊಟ್ಟ. ಇನ್ನೊಂದು ತುದಿಗೆ ಸುಧಾ. ಮುಂದೆ ದಾರಿ ತೋರಿಸಲು ಸಿದ್ದಯ್ಯ. ಹೊರಟಾಗ ಗಂಟೆ ಒಂದೂವರೆ.

ಮೊದಲ ಎರಡು ಕಿಲೋಮೀಟರ್ ಹೊಗೆಸೊಪ್ಪಿನ ಹೊಲಗಳ ನಡುವೆ. ಆಗಷ್ಟೇ ನೆಟ್ಟ ಸಸಿಗಳು ಕೆಂಪು ಮಣ್ಣಿನಲ್ಲಿ ಸಾಲಾಗಿ ತಲೆ ಎತ್ತಿದ್ದವು. ಆಮೇಲೆ ಹೊಲ ಮುಗಿದು ಲಂಟಾನ ಶುರುವಾಯಿತು. ಅದರಾಚೆ ಹಿನ್ನೀರು. ಬೇಸಿಗೆಯಿಡೀ ದನ ಮೇಯುತ್ತಿದ್ದ ಹುಲ್ಲಿನ ಬಯಲು ಈಗ ಅರ್ಧ ಮುಳುಗಿತ್ತು. ಹಿಂದೆ ಮುಳುಗಿದ ಕಾಡಿನ ಬೋಳು ಮರಗಳು ನೀರಿನಲ್ಲಿ ಬೂದು ಬಣ್ಣದ ಕಂಬಗಳಂತೆ ನಿಂತಿದ್ದವು. ಒಂದೊಂದರ ತುದಿಯಲ್ಲೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಗಾಳಿ ತಂಪಾಗಿತ್ತು. ಹೆಗಲು ಉರಿಯುತ್ತಿದ್ದರೂ, ಇಷ್ಟು ಚೆಂದದ ದಾರಿಯಲ್ಲಿ ನಡೆದು ಎಷ್ಟು ವರ್ಷವಾಯಿತು ಎಂದು ಸುಧಾಳಿಗೆ ಅನ್ನಿಸಿತು.

ಹಳ್ಳದಲ್ಲಿ ನೀರು ತೊಡೆ ಮಟ್ಟಕ್ಕಿತ್ತು. ಮಂಕರಿಯನ್ನು ತಲೆಯೆತ್ತರಕ್ಕೆ ಹಿಡಿದು ದಾಟಿದರು. ಆಚೆ ದಡದ ಬಂಡೆಗಳ ಮೇಲೆ ಕಾಲಿಡುತ್ತಿದ್ದಂತೆ ಸಿದ್ದಯ್ಯ ಕೈ ಎತ್ತಿದ.

ಮೂವತ್ತು ಮಾರು ದೂರದಲ್ಲಿ ಲಂಟಾನ ಅಲುಗಿತು.

ಒಂಟಿ ಸಲಗ.

"ಓಡ್ಬೇಡಿ," ಸಿದ್ದಯ್ಯ ಪಿಸುಗುಟ್ಟಿದ. ಬಗ್ಗಿ ಚಿಟಿಕೆ ಒಣಹುಲ್ಲು ಹಾರಿಸಿ ನೋಡಿದ. "ಗಾಳಿ ನಮ್ಕಡೀಕೆ ಬತ್ತಾ ಅದೆ. ಅದ್ಕೆ ವಾಸ್ನೆ ಹೋಗಿಲ್ಲ. ಮೆತ್ತಗೆ ಬಂಡೆ ಹಿಂದ್ಕೆ ಸರೀರಿ."

ಸರಿದರು. ಶಿವಶಂಕರನ ಒದ್ದೆ ಚಪ್ಪಲಿ ಜಾರಿತು.

ಗಳ ಹೆಗಲಿನಿಂದ ಹಾರಿತು. ಮಂಕರಿ ಬಂಡೆಗೆ ಬಡಿದು ಧಡ್ಡೆಂದಿತು.

ಸಲಗ ಕಿವಿ ನಿಮಿರಿಸಿ ನಿಂತಿತು. ಅದು ಸೊಂಡಿಲೆತ್ತಿ ಗಾಳಿ ಮೂಸಿತು. ಏನೂ ಸಿಗದೆ, ಯಾವ ಅವಸರವೂ ಇಲ್ಲದೆ ನೀರಿಗಿಳಿದು ಈಜಿಕೊಂಡು ಹೋಯಿತು.

ಬ್ಯಾಟರಿಯ ಒಂದು ಮೂಲೆ ಸೀಳಿ ಆಸಿಡ್ ಸೋರುತ್ತಿತ್ತು. ಶಿವಶಂಕರ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೀಳು ಮೇಲೆ ಬರುವಂತೆ ಅದನ್ನು ಓರೆ ಮಾಡಿದ. "ಆರು ಖಾನೆಲಿ ಒಂದು ಅರ್ಧ ಖಾಲಿ ಆಯ್ತು ಸುಧಕ್ಕ. ಇನ್ನೈದು ಚೆನ್ನಾಗವೆ."

"ಸ್ಟಾರ್ಟ್ ಆಯ್ತದಾ?"

"ನೋಡ್ಬೇಕು."

ದಿಬ್ಬ ತಲುಪಿದಾಗ ನಾಲ್ಕು ದಾಟಿತ್ತು. ಮೂರು ಕಡೆ ನೀರು, ನಡುವೆ ಧೂಳು ಹೊದ್ದ ಬಿಳಿ ವ್ಯಾನು. ಹಿಂದಿನ ಗಾಲಿಯಿಂದ ನೀರಿಗೆ ಐದು ಹೆಜ್ಜೆ. ಸುಧಾ ಕೀಲಿ ತಿರುಗಿಸಿದಳು. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಲಿಲ್ಲ. ಸೊರಗಿದ ಬ್ಯಾಟರಿಯಲ್ಲೂ ಮಂಕಾಗಿ ಒಂದು ದೀಪ ಹತ್ತಬೇಕು. ಇದು ಸೊರಗಿದ್ದಲ್ಲ, ಸತ್ತದ್ದು.

ಸೀಟು ಎತ್ತಿದಳು. ಬ್ಯಾಟರಿಯಿಂದ ಎರಡು ವೈರು ಹೊರಟು, ಕಿಟಕಿಯ ಸಂದಿನಿಂದ ಹೊರಬಿದ್ದು, ಹುಲ್ಲಿನಲ್ಲಿ ಹರಿದು ಹೊಲದ ಬೇಲಿ ಮೂಲೆಯ ಒಂದು ಪೆಟ್ಟಿಗೆಗೆ ಹೋಗಿದ್ದವು. ತಂತಿಬೇಲಿಗೆ ಝಟ್ಕಾ ಕೊಡುವ ಮೆಷಿನ್ನು.

ಸುಧಾ ಮಾವನತ್ತ ತಿರುಗಿದಳು.

"ಅದೇನು ಲೈಟಾ? ರೇಡಿಯೊನಾ?" ಸಿದ್ದಯ್ಯ ತಲೆ ಕೆರೆದುಕೊಂಡ. "ಮೆಷಿನ್ ಬ್ಯಾಟ್ರಿ ಕೆಟ್ಟೋಗಿತ್ತು. ಅದು ಟಿಕ್ ಟಿಕ್ ಅಂತದೆ, ಅಷ್ಟೆಯ. ಅದೆಷ್ಟು ಕುಡಿದಾತು ಅಂತ..."

"ಹಗಲೂ ರಾತ್ರಿ ಕುಡಿದ್ರೆ ಒಂದು ವಾರ, ಹತ್ತು ದಿನ. ಮುಗೀತು," ಎಂದ ಶಿವಶಂಕರ.

"ನಾನಿರೋಗಂಟ ಒಂದು ಕಾಯಿ ಮುಟ್ಟನಿಲ್ಲ ಕಣ್ಲಾ ಆನೆಗಳು!"

ಈಗ ಹೊಲದಲ್ಲಿ ಒಂದು ಕಾಯಿಯೂ ಇರಲಿಲ್ಲ. ಬೇಲಿ ಮಲಗಿತ್ತು. ಅಲ್ಲಲ್ಲಿ ಹಳೆಯ ಲದ್ದಿ. ಒಂದೊಂದು ಲದ್ದಿಯಿಂದಲೂ ಕುಂಬಳದ ಸಸಿಗಳು ಗುಂಪಾಗಿ ಎದ್ದು ಗೇಣುದ್ದ ಬೆಳೆದಿದ್ದವು. ಸುಧಾ ಕೂತು ಎಲೆ ಎಣಿಸಿದಳು. ಒಂದೊಂದರಲ್ಲೂ ಐದಾರು ಎಲೆ. "ನಾಲ್ಕು ವಾರದ ಸಸಿ. ನೀವು ಹುಣಸೂರಿಗೆ ಹೋದ ಎರಡೇ ದಿನಕ್ಕೆ ಬ್ಯಾಟ್ರಿ ಸತ್ತದೆ ಮಾವ. ಆನೆಗಳು ತಾರೀಕು ಬರೆದಿಟ್ಟು ಹೋಗವೆ."

ಶಿವಶಂಕರ ಸತ್ತ ಬ್ಯಾಟರಿಯನ್ನು ಕಳಚಿ, ತಂದದ್ದನ್ನು ಸೀಟಿನ ಮುಂದೆ ಓರೆಯಾಗಿ ಇಟ್ಟು ವೈರು ಸೇರಿಸಿದ. ದೀಪಗಳು ಹತ್ತಿದವು. ಕೀಲಿ ತಿರುಗಿಸಿದರೆ ಕಟಕಟ ಎಂದು ಸದ್ದು. ದೀಪಗಳು ಕಣ್ಣುಮುಚ್ಚಿದವು.

"ಸ್ಟಾರ್ಟರ್ ತಿರುಗ್ಸೋ ತಾಕತ್ತಿಲ್ಲ. ಪ್ಲಗ್ಗಿಗೆ ಕಿಡಿ ಕೊಡೋಷ್ಟು ಅದೆ. ತಳ್ಳಿ ಸ್ಟಾರ್ಟ್ ಮಾಡ್ಬೇಕು."

ಎಲ್ಲಿ ತಳ್ಳುವುದು? ಮಟ್ಟಸ ನೆಲವೆಲ್ಲ ಕೆಸರು. ಗಟ್ಟಿ ಜಲ್ಲಿನೆಲದ ಇಳಿಜಾರು ಒಂದೇ. ವ್ಯಾನಿನ ಮೂತಿಯ ಮುಂದೆ ಮೂವತ್ತು ಹೆಜ್ಜೆ ಇಳಿದು ಅದು ನೇರ ನೀರಿಗೆ ಹೋಗುತ್ತಿತ್ತು. ನೀರಿಗೆ ಹತ್ತು ಹೆಜ್ಜೆ ಮೊದಲು ಎಡಕ್ಕೆ ಕಾಡಿನ ರಸ್ತೆ. ಎಂಜಿನ್ ಹಿಡಿದರೆ ಆ ತಿರುವು ಹತ್ತಬಹುದು. ಹಿಡಿಯದಿದ್ದರೆ ನೀರು. ಬ್ರೇಕು ಒತ್ತಿ ನಿಂತರೂ ಮತ್ತೆ ಮೇಲೆ ತಳ್ಳಲು ಮೂರು ಜನ ಸಾಲದು.

ಗಂಟೆ ಐದಕ್ಕೆ ಹತ್ತು ನಿಮಿಷ.

"ಮಾವ, ನೀವು ಒಳಗೆ ಕೂತು ವೈರು ಒತ್ತಿ ಹಿಡೀರಿ. ಕೈ ಬಿಟ್ರೆ ನಿಮ್ಮನ್ನೂ ಬುಡಲ್ಲ."

"ಬುಡಕಿಲ್ಲ ಕಣವ್ವ."

ಎರಡನೇ ಗೇರು. ಕ್ಲಚ್ಚು ತುಳಿದಳು. ಶಿವಶಂಕರ ಗಾಲಿಗೆ ಕೊಟ್ಟಿದ್ದ ಕಲ್ಲುಗಳನ್ನು ತೆಗೆದು ಹಿಂದಿನಿಂದ ಎದೆ ಕೊಟ್ಟ.

ವ್ಯಾನು ಅಲುಗಿತು. ಜರುಗಿತು. ಓಡಿತು.

ಬೇಗ ಕ್ಲಚ್ಚು ಬಿಟ್ಟರೆ ವೇಗ ಸಾಲದು. ಅವಳು ಕಾದಳು. ಹತ್ತು ಹೆಜ್ಜೆ. ಹದಿನೈದು. ಗಾಜಿನ ತುಂಬ ನೀರೇ ಕಂಡಿತು.

"ಮಗಾ!" ಸಿದ್ದಯ್ಯ ಕೂಗಿದ.

ಕ್ಲಚ್ಚು ಬಿಟ್ಟಳು.

ವ್ಯಾನು ಮುಗ್ಗರಿಸಿತು. ಒಮ್ಮೆ ಕೆಮ್ಮಿತು. ಮತ್ತೊಮ್ಮೆ. ಆಮೇಲೆ ಕಪ್ಪು ಹೊಗೆ ಉಗಿದು ಗುರ್‍ರೆಂದಿತು. ಸುಧಾ ಸ್ಟೀರಿಂಗನ್ನು ಎಡಕ್ಕೆ ಎಳೆದಳು. ಬಲಗಡೆಯ ಗಾಲಿ ನೀರು ಚಿಮ್ಮಿಸಿ, ಜಲ್ಲಿ ಕಚ್ಚಿ, ರಸ್ತೆಗೆ ಹತ್ತಿತು.

ಹಿಂದೆ ಶಿವಶಂಕರ ಮೊಣಕಾಲವರೆಗೆ ನೀರಿನಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದ.

ಎಂಜಿನ್ ಓಡುತ್ತಿರುವಂತೆಯೇ, ಓಡಿಬಂದ ಶಿವಶಂಕರನ ಕೈಗೆ ವೈರು ಕೊಟ್ಟು ಸಿದ್ದಯ್ಯ ಇಳಿದು ಹೊಲಕ್ಕೆ ಹೋದ. ಝಟ್ಕಾ ಮೆಷಿನ್ನನ್ನೂ, ಲದ್ದಿಯ ಸಮೇತ ಟವೆಲಿನಲ್ಲಿ ಕಟ್ಟಿದ ಎರಡು ಸಸಿಗಳನ್ನೂ ಹೊತ್ತು ತಂದ.

ಕಾಡಿನ ರಸ್ತೆಯಲ್ಲಿ ಜಿಂಕೆಗಳಿಗೆ ಎರಡು ಸಲ ನಿಂತು, ಗೇಟು ತಲುಪಿದಾಗ ಐದು ಐವತ್ತೆರಡು. ಗಾರ್ಡು ಪುಸ್ತಕ ಹಿಡಿದು ಬಂದ. "ಗಾಡಿ ಆಫ್ ಮಾಡಮ್ಮ, ನಂಬರ್ ಬರ್ಕೋಬೇಕು."

"ಮಾಡಲ್ಲ ಸಾರ್. ನೀವು ತಳ್ತೀನಿ ಅಂದ್ರೆ ಮಾಡ್ತೀನಿ."

ಗಾರ್ಡು ಒಳಗಿದ್ದ ಮೂವರನ್ನು, ಅವರ ಕೆಸರನ್ನು, ಲದ್ದಿಯ ಗಂಟನ್ನು ನೋಡಿದ. ನಂಬರ್ ಬರೆದುಕೊಂಡು ಗೇಟು ಎತ್ತಿದ.

ಸೋಮವಾರ ಬೆಳಿಗ್ಗೆ ಶಿವಶಂಕರ ಕೊಟ್ಟ ಬೇರೆ ಬ್ಯಾಟರಿಯಲ್ಲಿ ವ್ಯಾನು ಒಂದೇ ಸಲಕ್ಕೆ ಎದ್ದಿತು. ಒಂಬತ್ತು ಮಕ್ಕಳು ಸೀಟಿಗಾಗಿ ಜಗಳವಾಡುತ್ತ ಹತ್ತಿದರು. ಸಿದ್ದಯ್ಯ ಸುಧಾಳ ಹಿತ್ತಿಲಿನಲ್ಲಿ ಆ ಸಸಿಗಳಿಗೆ ನೀರು ಹಾಕುತ್ತಿದ್ದ.

"ಇದಕ್ಕೆ ಬೇಲಿ ಬ್ಯಾಡ್ವಾ ಮಾವ?" ಸುಧಾ ಕಿಟಕಿಯಿಂದ ಕೂಗಿದಳು.

"ಬೇಕು ಕಣವ್ವ," ಎಂದ ಅವನು, ತಲೆ ಎತ್ತದೆ. "ಮುಳ್ಳಿಂದು."